ಎಷ್ಟು ಇಂಚು ಗಾಳಿ?

ಕಾಲು ನೋಡಿಕೊಂಡು ಇಡಿ. ಕಣದ ಸಿಮೆಂಟು ಮಳೆಗೆ ಪಾಚಿ ಕಟ್ಟಿದೆ, ಜಾರುತ್ತದೆ. ಹುಲ್ಲಿನ ಕಡೆಗಂತೂ ಹೋಗಲೇಬೇಡಿ, ಜಿಗಣೆ. ಸೆಪ್ಟೆಂಬರ್ ಕೊನೆಯ ಭಾನುವಾರ, ಸಂಜೆ ನಾಲ್ಕೂವರೆ. ಸಕಲೇಶಪುರ ಪೇಟೆಯಿಂದ ಹದಿನೈದು ಕಿಲೋಮೀಟರ್ ಒಳಗಿರುವ ಕಾಫಿ ತೋಟ ಇದು. ಇನ್ನೆರಡು ತಿಂಗಳಿಗೆ ಈ ಕಣದ ತುಂಬ ಕಾಫಿ ಹಣ್ಣು ಹರಡಿರುತ್ತದೆ. ಈಗ ಖಾಲಿ. ಹಾಗಾಗಿ ನಮ್ಮ ಐದು ಗಾಡಿಗಳಿಗೆ ಇಲ್ಲಿ ನಿಲ್ಲಲು ಜಾಗ ಸಿಕ್ಕಿದೆ: ಎರಡು ಥಾರ್, ಒಂದು ಜಿಪ್ಸಿ, ಒಂದು ಜಿಮ್ನಿ, ಮತ್ತೆ ತಗಡಿಗಿಂತ ಪುಟ್ಟಿಯೇ ಹೆಚ್ಚಿರುವ ಒಂದು ಹಳೇ ಮಹೀಂದ್ರ ಜೀಪು. ಬಂಪರಿನಿಂದ ಟಾಪಿನವರೆಗೆ ಕೆಂಪು ಕೆಸರು. ಯಾವುದೋ ಗಾಡಿಯ ಕ್ಲಚ್ ಸುಟ್ಟ ವಾಸನೆ ಇನ್ನೂ ಆರಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದು ಅರಣ್ಯವಲ್ಲ. ತೋಟದ ಮಾಲೀಕರನ್ನು ಕೇಳಿ, ಅವರ ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲೇ ಬೆಳಿಗ್ಗೆಯಿಂದ ಹೂತು, ಎದ್ದು, ಮತ್ತೆ ಹೂತು ಬಂದಿದ್ದೇವೆ. ಮೀಸಲು ಅರಣ್ಯಕ್ಕೆ ಜೀಪು ನುಗ್ಗಿಸಿ ವಿಡಿಯೋ ಮಾಡುವವರ ಜಾತಿ ಬೇರೆ.

ಟೈರುಗಳನ್ನು ನೋಡಿ. ನೆಲಕ್ಕೆ ತಾಗುವ ಕಡೆ ಹೊಟ್ಟೆ ಬಿಟ್ಟುಕೊಂಡು ನಿಂತಿವೆ. ಪಂಕ್ಚರ್ ಅಲ್ಲ, ನಾವೇ ಇಳಿಸಿದ್ದು. ಬೆಳಿಗ್ಗೆ ತೋಟದ ಗೇಟಿನ ಹತ್ತಿರ ಎಲ್ಲರೂ ಕುಕ್ಕರಗಾಲಲ್ಲಿ ಕೂತು, ವಾಲ್ವಿನ ಕ್ಯಾಪು ಬಿಚ್ಚಿ, ಕಡ್ಡಿ ಒತ್ತಿ ಗಾಳಿ ಬಿಟ್ಟಿದ್ದೆವು. 30 ಪಿಎಸ್ಐ ಇದ್ದ ಒತ್ತಡ 16ಕ್ಕೆ ಇಳಿಯಿತು. ಬುಸ್ ಎಂದು ಬರುವ ಆ ಗಾಳಿ ಎಷ್ಟು ತಣ್ಣಗಿರುತ್ತದೆಂದರೆ ನಾಲ್ಕನೇ ಟೈರಿಗೆ ಬರುವಷ್ಟರಲ್ಲಿ ಬೆರಳ ತುದಿ ಜೋಮು ಹಿಡಿದಿತ್ತು. ಒತ್ತಿ ಇಟ್ಟ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ. ಇದರ ತದ್ವಿರುದ್ಧದ ಪಾಠ ಸಂಜೆಗೆ ಕಾದಿತ್ತು ಅಂತ ಆಗ ಗೊತ್ತಿರಲಿಲ್ಲ.

ಗಾಳಿ ಇಳಿಸಿದರೆ ಟೈರು ಅಗಲವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಗಲ ಆಗುವುದು ಸ್ವಲ್ಪ. ಜಾಸ್ತಿ ಆಗುವುದು ಉದ್ದ. ನೆಲದ ಮೇಲಿನ ಅಚ್ಚು ಹಿಂದೆ ಮುಂದೆ ಚಾಚಿಕೊಳ್ಳುತ್ತದೆ, ರಬ್ಬರು ಕಲ್ಲಿನ ಮೇಲೆ ಬಗ್ಗಿ ಹಿಡಿದುಕೊಳ್ಳುತ್ತದೆ. ಜಾರುವ ಗದ್ದೆ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುವವನು ಬೆರಳು ಅಗಲಿಸಿ ಊರುವ ಹಾಗೆ. ಬೆಳಿಗ್ಗೆ ಗಾಳಿ ಬಿಡುವ ಮುಂಚೆ 30ರಲ್ಲಿ ಮೂರು ಸಲ ಜಾರಿ ಹಿಂದಕ್ಕೆ ಬಂದ ಏರನ್ನು 16ರಲ್ಲಿ ಆ ಹಳೇ ಜೀಪು ಆಕ್ಸಿಲರೇಟರ್ ಕೂಗಿಸದೆ ಹತ್ತಿಹೋಯಿತು.

ಈಗ ಮನೆಗೆ ಹೋಗಬೇಕು. ಬೆಂಗಳೂರು ಇಲ್ಲಿಂದ ಇನ್ನೂರಿಪ್ಪತ್ತು ಕಿಲೋಮೀಟರ್ ಮೇಲೆ, ಅದೂ ಟಾರು ರಸ್ತೆ. ಹದಿನಾರರ ಗಾಳಿಯಲ್ಲಿ ಹೆದ್ದಾರಿ ಹತ್ತಿದರೆ ಟೈರಿನ ಪಕ್ಕೆ ಸುತ್ತು ಸುತ್ತಿಗೂ ಬಗ್ಗಿ ಬಿಚ್ಚಿ ಬಿಸಿಯಾಗುತ್ತದೆ. ಒಳಗಿನ ಪದರ ಬಿಡುತ್ತದೆ, ಒಂದೊಂದು ಸಲ ಸಿಡಿಯುತ್ತದೆ. ಇಳಿಸುವುದು ಐದು ನಿಮಿಷದ ಕೆಲಸ. ತುಂಬುವುದು? ಅದನ್ನು ನೋಡಲೆಂದೇ ನಿಮ್ಮನ್ನು ಕರೆದುಕೊಂಡು ಬಂದಿದ್ದು. ಬನ್ನಿ, ನನ್ನ ಥಾರಿನ ಹತ್ತಿರ ನಿಲ್ಲಿ. ತಮಾಷೆ ಇಲ್ಲಿಂದಲೇ ಶುರು.

ಡ್ಯಾಶ್‌ಬೋರ್ಡ್ ಖಾನೆಯಿಂದ ಕಂಪ್ರೆಸರ್ ತೆಗೆಯುತ್ತೇನೆ. ಊಟದ ಡಬ್ಬಿಯಷ್ಟು ದೊಡ್ಡದು, ಕಪ್ಪು ಪ್ಲಾಸ್ಟಿಕ್ಕು, ಮೇಲೊಂದು ನೀಲಿ ದೀಪದ ಡಿಸ್‌ಪ್ಲೇ. ಎರಡು ವರ್ಷದ ಹಿಂದೆ ಹಬ್ಬದ ರಿಯಾಯಿತಿಯಲ್ಲಿ ತರಿಸಿದ್ದು. ಪೆಟ್ಟಿಗೆ ಮೇಲೆ ಅಂಗೈ ಅಗಲ ಅಕ್ಷರದಲ್ಲಿ 150 ಪಿಎಸ್ಐ ಎಂದು ಬರೆದಿತ್ತು. ನನ್ನ ಟೈರಿಗೆ ಬೇಕಾದ್ದು 30, ಇದು ಅದರ ಐದು ಪಟ್ಟು ಕೊಡುತ್ತದೆ, ಇನ್ನೇನು ಬೇಕು ಎಂದು ತೆಗೆದುಕೊಂಡಿದ್ದೆ. ಸಿಗರೇಟ್ ಲೈಟರಿನ ತೂತಿಗೆ ಪ್ಲಗ್ಗು ಚುಚ್ಚಿ, ವೈರು ಕಿಟಕಿಯಿಂದ ಹೊರಗೆ ಎಳೆದು, ಮುಂದಿನ ಟೈರಿಗೆ ಪೈಪು ತಿರುಗಿಸಿ, ಗುಂಡಿ ಒತ್ತುತ್ತೇನೆ. ರ್‌ರ್‌ರ್ ಎಂದು ಕಾಡುಹಂದಿ ಗದರಿದ ಹಾಗೆ ಸದ್ದು. ಸದ್ದು ಕೇಳಿದರೆ ಲಾರಿ ಟೈರೇ ತುಂಬಿಬಿಡುವ ಧಾಟಿ. ನೀಲಿ ಅಂಕಿ ಮಾತ್ರ 16ರಲ್ಲೇ ನಿಂತಿದೆ. 16. 16. 17.

ಅಷ್ಟರಲ್ಲಿ ಬಂಗಲೆಯ ಕಡೆಯಿಂದ ತೋಟದ ರೈಟರು ಬರುತ್ತಾರೆ. ಹೊರಗಿನವರಿಗೆ: ಕಾಫಿ ತೋಟದಲ್ಲಿ ರೈಟರೆಂದರೆ ಸಾಹಿತಿಯಲ್ಲ, ಆಳುಗಳ ಹಾಜರಿಯಿಂದ ಹಿಡಿದು ಮೋಟರಿನ ಸ್ಟಾರ್ಟರಿನ ತನಕ ಎಲ್ಲ ನೋಡಿಕೊಳ್ಳುವವರು. ಕೈಯಲ್ಲಿ ಸ್ಟೀಲು ಲೋಟಗಳ ತಟ್ಟೆ, ಬೆಲ್ಲದ ಕಾಫಿ. ಒಂದು ಲೋಟ ನನಗೆ ಕೊಟ್ಟು, ಕುಣಿಯುತ್ತಿರುವ ಕಂಪ್ರೆಸರನ್ನು ನೋಡುತ್ತಾ ನಿಲ್ಲುತ್ತಾರೆ.

"ಇದು ಎಷ್ಟು ಇಂಚು ಸಾರ್?"

"ಇಂಚು ಅಲ್ಲ, ಪಿಎಸ್ಐ ಅಂತಾರೆ. ನೂರೈವತ್ತು."

"ಅದು ಪ್ರೆಷರ್ ಅಲ್ವಾ? ನಾ ಕೇಳಿದ್ದು ಗಾಳಿ ಎಷ್ಟು ಬೀಳುತ್ತೆ ಅಂತ."

ಬೋರ್‌ವೆಲ್ ಕೊರೆಸಿದ ಯಾರನ್ನಾದರೂ ಕೇಳಿ, ಎಷ್ಟು ಅಡಿ ಎನ್ನುವುದಕ್ಕಿಂತ ಮೊದಲು ಎಷ್ಟು ಇಂಚು ನೀರು ಬಿತ್ತು ಎಂದೇ ಮಾತು. ರೈಟರ ಲೆಕ್ಕವೂ ಅದೇ. ಫೆಬ್ರವರಿ ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ನೀರಿನ ಜೆಟ್ ಹೊಡೆಸುತ್ತಾರಲ್ಲ, ಅದರ ಉದಾಹರಣೆ ಕೊಡುತ್ತಾರೆ. "ಕೆರೆ ನೀರು ಗುಡ್ಡ ಹತ್ತಿಸೋಕೆ ಸಣ್ಣ ಮೋಟ್ರೂ ಆಗುತ್ತೆ ಸಾರ್. ಬೆರಳು ದಪ್ಪ ಬರುತ್ತೆ ಅಷ್ಟೆ. ಅದರಲ್ಲಿ ಜೆಟ್ ತಿರುಗುತ್ತಾ?"

ನೂರೈವತ್ತು ಪಿಎಸ್ಐ ಎಂದರೆ ನೀರು ಎಷ್ಟೆತ್ತರ ಏರುತ್ತದೆ ಎನ್ನುವ ಲೆಕ್ಕ. ನಿಮಿಷಕ್ಕೆ ಎಷ್ಟು ಕೊಡ ಎನ್ನುವುದನ್ನು ಪೆಟ್ಟಿಗೆಯ ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತಾರೆ. ನಾನದನ್ನು ಓದಿರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ನನ್ನ ಟೈರು 245/75 ಆರ್16. ಒಳಗಿನ ಟೊಳ್ಳು ಜಾಗ ಹೆಚ್ಚುಕಡಿಮೆ 70 ಲೀಟರ್. ಹೊರಗಿನ ಗಾಳಿಯ ಒತ್ತಡವೇ ಸಮುದ್ರಮಟ್ಟದಲ್ಲಿ 14.7 ಪಿಎಸ್ಐ. 16ರಿಂದ 30ಕ್ಕೆ ಏರಿಸುವುದೆಂದರೆ ಸುಮಾರಾಗಿ ಅಷ್ಟೇ ಒತ್ತಡ ಸೇರಿಸುವುದು, ಅಂದರೆ ಇನ್ನೊಂದು 70 ಲೀಟರ್ ಹೊರಗಿನ ಗಾಳಿಯನ್ನು ಅದೇ ಜಾಗಕ್ಕೆ ತುರುಕುವುದು. ನಾಲ್ಕು ಟೈರಿಗೆ 280 ಲೀಟರ್. ಮನೆಯಲ್ಲಿ ನೀರು ತುಂಬಿಡುವ ದೊಡ್ಡ ನೀಲಿ ಡ್ರಮ್ಮು ಇನ್ನೂರು ಲೀಟರಿನದು. ಒಂದೂವರೆ ಡ್ರಮ್ಮಿಗೆ ಸ್ವಲ್ಪ ಕಮ್ಮಿ ಗಾಳಿಯನ್ನು ಈ ಊಟದ ಡಬ್ಬಿ ಅಗಿದು ನುಂಗಿ ಉಗುಳಬೇಕು. ನನ್ನ ಪೆಟ್ಟಿಗೆ ಹಿಂದೆ ನಿಮಿಷಕ್ಕೆ 35 ಲೀಟರ್ ಎಂದಿದೆ. ಅದು ಪೈಪಿನ ಬಾಯಿ ಬಿಚ್ಚಿಟ್ಟು, ಎದುರೊತ್ತಡವೇ ಇಲ್ಲದಾಗ ಅಳೆದದ್ದು. ಟೈರಿನೊಳಗಿನ ಗಾಳಿ ತಿರುಗಿ ತಳ್ಳತೊಡಗಿದ ಮೇಲೆ ಅದರ ಅರ್ಧ ಬಂದರೆ ಪುಣ್ಯ.

ನನಗೆ ಅರ್ಧವೂ ಬರಲಿಲ್ಲ. ಮೊದಲ ಟೈರಿಗೆ ಆರು ನಿಮಿಷ. ಎರಡನೆಯದಕ್ಕೆ ಎಂಟು. ಪೈಪು ಬಿಚ್ಚಲು ಹಿತ್ತಾಳೆಯ ತುದಿ ಹಿಡಿದೆ ನೋಡಿ, ಚುರ್ ಎಂದಿತು. ಬೆಳಿಗ್ಗೆ ತಣ್ಣಗೆ ಜೋಮು ಹಿಡಿದಿದ್ದ ಅದೇ ಬೆರಳು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತಿರುವ ಸಂಗತಿ. ಸಣ್ಣ ಸಿಲಿಂಡರಿಗೆ ಆ ಶಾಖ ಹೊರಹಾಕಲು ಮೈಯೇ ಇಲ್ಲ. ಮೂರನೇ ಟೈರು 22ಕ್ಕೆ ಬಂದಾಗ ರ್‌ರ್‌ರ್ ಹೋಗಿ ಕಿರ್‌ರ್ ಆಯಿತು, ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಆಮೇಲೆ ಸದ್ದೇ ಇಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್ ತಿರುಗಿಸುವ ಹಲ್ಲುಚಕ್ರವೇ ಪ್ಲಾಸ್ಟಿಕ್ಕಿನದು, ಹಲ್ಲೆಲ್ಲ ಕರಗಿ ಬೊಚ್ಚುಬಾಯಿ.

"ಸತ್ತೋಯ್ತು," ಎಂದರು ರೈಟರು.

ಸರಿ, ನನ್ನದು ಮುಗಿಯಿತು. ಉಳಿದವರದು ನೋಡೋಣ ಬನ್ನಿ.

ಜಿಮ್ನಿಯ ಹುಡುಗಿ ಬ್ಯಾಟರಿ ಕಂಪ್ರೆಸರ್ ಹಿಡಿದಿದ್ದಾಳೆ, ವೈರಿಲ್ಲದ್ದು, ಪಿಸ್ತೂಲಿನ ಆಕಾರ. 30 ಎಂದು ಒತ್ತಿಟ್ಟು ಕೈಬಿಟ್ಟರೆ ತಾನೇ ನಿಲ್ಲುತ್ತದೆ. ಅವಳ ಟೈರು 195/80 ಆರ್15, ನನ್ನದಕ್ಕಿಂತ ಮೂರನೇ ಒಂದು ಪಾಲಿಗೂ ಮೀರಿ ಚಿಕ್ಕದು. ಹಾಗಾಗಿ ಅವಳ ಕೆಲಸ ನಡೆಯುತ್ತದೆ. ಆದರೆ ನಾಲ್ಕನೇ ಟೈರಿನ ನಡುವೆ ಕೆಂಪು ದೀಪ ಮಿನುಗತೊಡಗಿತು, ಚಾರ್ಜು ಖಾಲಿ. "ನಿನ್ನೆ ರಾತ್ರಿ ಹಾಕೋಕೆ ಮರೆತೆ ಅಂಕಲ್." ಮರೆಯುವುದೇ ಅದರ ರೋಗ. ಗಾಡಿಯ ಬ್ಯಾಟರಿಗಾದರೆ ಎಂಜಿನ್ ತಿರುಗುವಷ್ಟು ಹೊತ್ತೂ ಚಾರ್ಜು ಬರುತ್ತಿರುತ್ತದೆ. ಇದಕ್ಕೆ ನಾವು ನೆನಪಿಟ್ಟುಕೊಂಡು ಉಣಿಸಬೇಕು.

ಹಳೇ ಜೀಪಿನವರು ಬೇರೆ ಕಾಲದವರು. ಬಾನೆಟ್ ಎತ್ತಿದರೆ ಎಂಜಿನ್ ಪಕ್ಕದಲ್ಲಿ ಯಾವುದೋ ಕಾರಿನ ಎಸಿ ಕಂಪ್ರೆಸರನ್ನು ಬೆಲ್ಟಿಗೆ ಕಟ್ಟಿದ್ದಾರೆ. ಅದರಿಂದ ಪೈಪು ಸೀಟಿನ ಕೆಳಗಿನ ಕಬ್ಬಿಣದ ಟ್ಯಾಂಕಿಗೆ. ಎಂಜಿನ್ನೇ ಗಾಳಿ ಹೊಡೆಯುವಾಗ ವೈರು, ಫ್ಯೂಸು ಯಾವ ರಗಳೆಯೂ ಇಲ್ಲ. ಕಣದಲ್ಲಿ ಎಲ್ಲರಿಗಿಂತ ಮೊದಲು ಮುಗಿದದ್ದು ಅವರದ್ದೇ. ಆದರೆ ಪೈಪಿನ ಬಾಯಿಗೆ ಅಂಗೈ ಹಿಡಿಯಿರಿ ಎಂದರು. ಹಿಡಿದೆ. ಅಂಗೈಯಲ್ಲಿ ಎಣ್ಣೆಯ ಸಣ್ಣ ಸಣ್ಣ ಹನಿ. ಎಸಿ ಕಂಪ್ರೆಸರಿಗೆ ಎಣ್ಣೆ ಅನಿಲದ ಜೊತೆ ಸುತ್ತಿ ವಾಪಸು ಬರುತ್ತದೆ. ಗಾಳಿ ಹೊಡೆಯಲು ಹಚ್ಚಿದಾಗ ಹೋದದ್ದು ಹೋಗೇ ಹೋಯಿತು. ನಡುವೆ ಎಣ್ಣೆ ಸೋಸುವ ಬಟ್ಟಲು ಹಾಕಬೇಕು, ಆಗಾಗ ಎಣ್ಣೆ ಹನಿಸಬೇಕು. ಅದನ್ನೆಲ್ಲ ಪ್ರೀತಿಯಿಂದ ಮಾಡುವವರಿಗೆ ಮಾತ್ರ ಅದು ಸೈ. ನನ್ನಂಥ ಸೋಮಾರಿಗಲ್ಲ.

ಇನ್ನೊಂದು ಥಾರಿನವರದು ಬಾನೆಟ್ಟಿನೊಳಗೆ ಶಾಶ್ವತವಾಗಿ ಕೂರಿಸಿದ ಜೋಡಿ ಸಿಲಿಂಡರಿನದು. ಆಸ್ಟ್ರೇಲಿಯದ ಎಆರ್‌ಬಿ ಕಂಪನಿಯ ಈ ಜೋಡಿ ಯಂತ್ರ ನಿಮಿಷಕ್ಕೆ ಆರು ಘನ ಅಡಿ ದಾಟುತ್ತದೆ. ಒಂದು ಘನ ಅಡಿ ಎಂದರೆ 28 ಲೀಟರ್ ಚಿಲ್ಲರೆ. ಆರು ಎಂದರೆ 170 ಲೀಟರ್. ಪೈಪು ಸಿಕ್ಕಿಸಿದರು, ನಾನು ಕಾಫಿಯ ಕೊನೆ ಗುಟುಕು ಇಳಿಸುವಷ್ಟರಲ್ಲಿ ಬಿಚ್ಚಿದರು. ಅರ್ಧ ನಿಮಿಷ. ಬೆಲೆ ಕೇಳಿದೆ. ಕೇಳಬಾರದಿತ್ತು. ಅಷ್ಟರಲ್ಲಿ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೈಕು ಬರುತ್ತದೆ. ಡಿಫರೆನ್ಷಿಯಲ್ ಲಾಕಿಗೂ ಗಾಳಿ ಬೇಕಾದವರಿಗೆ, ತಿಂಗಳಿಗೆರಡು ಸಲ ಕೆಸರಿಗೆ ಇಳಿಯುವವರಿಗೆ ಅದು ನ್ಯಾಯ.

ಕೊನೆಗೆ ನನ್ನನ್ನು ಪಾರು ಮಾಡಿದ್ದು ಜಿಪ್ಸಿಯವರ ಕಂಪ್ರೆಸರ್. ಅಚ್ಚು ಅಲ್ಯುಮಿನಿಯಮ್ಮಿನ ಒಂದೇ ಸಿಲಿಂಡರ್, ಮೈತುಂಬ ರೆಕ್ಕೆ ರೆಕ್ಕೆ, ಥೇಟ್ ಹಳೇ ಬೈಕಿನ ಎಂಜಿನ್ನು. ಲೈಟರ್ ತೂತಿಗೆ ಹಾಕುವುದಲ್ಲ, ಎರಡು ಮೊಸಳೆಬಾಯಿ ಕ್ಲಿಪ್ಪುಗಳನ್ನು ನೇರ ಬ್ಯಾಟರಿಗೆ ಕಚ್ಚಿಸುವುದು. ಯಾಕೆಂದು ನನ್ನ ಗಾಡಿಯ ಫ್ಯೂಸಿನ ಪೆಟ್ಟಿಗೆ ತೆರೆದು ತೋರಿಸಿದರು. ಲೈಟರಿನ ಫ್ಯೂಸು 15 ಆಂಪಿಯರಿನದು. ಹಾಗಾಗಿ ಆ ತೂತಿಗೆ ಹಾಕುವ ಕಂಪ್ರೆಸರುಗಳನ್ನು ಹತ್ತರ ಆಸುಪಾಸಿನಲ್ಲೇ ಮುಗಿಯುವಂತೆ ಮಾಡಿರುತ್ತಾರೆ. ಹನ್ನೆರಡು ವೋಲ್ಟಿಗೆ ಹತ್ತು ಆಂಪಿಯರ್, 120 ವ್ಯಾಟ್. ಹಳೇ ಕಾಲದ ದೊಡ್ಡ ಬಲ್ಬೊಂದು ಉರಿಯುವಷ್ಟು ಶಕ್ತಿಯಲ್ಲಿ ಜೀಪಿನ ಟೈರು ತುಂಬಬೇಕು. ಇವರದು 30 ಆಂಪಿಯರ್ ಎಳೆಯುತ್ತದೆ, 360 ವ್ಯಾಟ್. ನೂರೈವತ್ತು ಪಿಎಸ್ಐ ಇದರ ಮೇಲೂ ಬರೆದಿದೆ. ಎರಡರದ್ದೂ ಒಂದೇ ಪಿಎಸ್ಐ!

"ಎಂಜಿನ್ ಆನ್ ಇರಲಿ ಕಣಣ್ಣ," ಎಂದರು ಜಿಪ್ಸಿಯವರು. "ಆಫ್ ಮಾಡಿ ಹೊಡೆದ್ರೆ ಬ್ಯಾಟ್ರಿ ಕುಸಿಯುತ್ತೆ, ಪಂಪೂ ನಿಧಾನ ಆಗುತ್ತೆ." ನನ್ನ ಉಳಿದ ಎರಡು ಟೈರು ಮೂರು ನಿಮಿಷದಲ್ಲಿ ಮುಗಿದವು. ಕತ್ತಲಾಗುವ ಮುಂಚೆ ಹೆದ್ದಾರಿ ಸೇರಿದೆವು.

ಆ ರಾತ್ರಿ ಹಾಸನ ದಾಟುವಾಗ ಒಂದು ಯೋಚನೆ. ಸ್ವಂತ ಕಂಪ್ರೆಸರ್ ನಿಜವಾಗಿ ಬೇಕೇ? ಸಕಲೇಶಪುರದ ಪಂಕ್ಚರ್ ಅಂಗಡಿಯ ತನಕ ನಲವತ್ತರ ವೇಗದಲ್ಲಿ ಹೋಗಿ, "ಮುಂದೆ ಎಷ್ಟು ಹಾಕ್ಲಿ ಸಾರ್?" ಎನ್ನುವವರ ಮುಂದೆ ನಿಂತರೆ ಆಗಿಹೋಗುತ್ತದೆ. ವರ್ಷಕ್ಕೊಂದು ಸಲ ಹೋಗುವವರಿಗೆ ನಾನು ಹೇಳುವುದೂ ಅದನ್ನೇ. ದಾರಿಯಲ್ಲಿ ಲಾರಿಯವರು ಸಿಕ್ಕರೂ ಆಗುತ್ತದೆ. ಏರ್ ಬ್ರೇಕಿನ ಟ್ಯಾಂಕಿನಿಂದ ಪೈಪು ಎಳೆದು ಟೈರಿಗೆ ಗಾಳಿ ಹಿಡಿಯುವುದು ಅವರಿಗೆ ನಿತ್ಯದ ಕೆಲಸ. ಆದರೆ ಭಾನುವಾರ ಸಂಜೆ ಏಳರ ಮೇಲೆ ಮಲೆನಾಡಿನ ಪೇಟೆಯಲ್ಲಿ ತೆರೆದ ಪಂಕ್ಚರ್ ಅಂಗಡಿ ಹುಡುಕಿ ನೋಡಿ, ಗೊತ್ತಾಗುತ್ತದೆ.

ಮುಂದಿನ ಶನಿವಾರ. ಹೊಸ ಕಂಪ್ರೆಸರಿಗೆಂದು ಬೆಂಗಳೂರು, ಜೆ.ಸಿ. ರಸ್ತೆ. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ಲಿನ ತನಕ ಗಾಡಿ ಸಾಮಾನಿನ ಅಂಗಡಿಗಳ ಸಾಲು. ಸೀಟ್ ಕವರಿನ ರೆಕ್ಸಿನ್ ವಾಸನೆ, ಹಾರ್ನು ಪರೀಕ್ಷೆ ಮಾಡುವವರ ಗಲಾಟೆ. ಜಾಗ ಸಿಗದು ಎಂದು ಬೆಳಿಗ್ಗೆ ಹತ್ತಕ್ಕೇ ಬಂದಿದ್ದೇನೆ, ಅಂಗಡಿ ಮುಂದೆಯೇ ನಿಲ್ಲಿಸಿದ್ದೇನೆ. ಅಂಗಡಿಯವರು ಮೂರು ಪೆಟ್ಟಿಗೆ ಕೆಳಗಿಳಿಸುತ್ತಾರೆ.

"ಎಲ್ಲಾ ನೂರೈವತ್ತು ಪಿಎಸ್ಐ ಸಾರ್."

"ನಿಮಿಷಕ್ಕೆ ಎಷ್ಟು ಲೀಟರು?"

ಪೆಟ್ಟಿಗೆ ತಿರುಗಿಸಿ, ಕನ್ನಡಕ ಹಣೆಗೇರಿಸಿ ಹುಡುಕುತ್ತಾರೆ. ಒಂದರಲ್ಲಿ 35, ಇನ್ನೊಂದರಲ್ಲಿ 72, ಮೂರನೆಯದರಲ್ಲಿ 150. ಓದಿದ್ದು ಸಾಕು, ಹೊಡೆದೇ ನೋಡೋಣ ಎಂದೆ. ಥಾರಿನ ಸ್ಟೆಪ್ನಿ ಹಿಂಬಾಗಿಲಿನ ಬೆನ್ನಿಗೇ ನೇತುಬಿದ್ದಿರುತ್ತದಲ್ಲ, ಬಿಚ್ಚುವ ಕೆಲಸವೂ ಇಲ್ಲ. ಗಾಳಿ ಬಿಟ್ಟು 16ಕ್ಕೆ ಇಳಿಸಿದೆ. ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಮೊಬೈಲಿನ ಗಡಿಯಾರ ಒತ್ತಿದೆ. ಪಕ್ಕದ ಅಂಗಡಿಯ ಹುಡುಗರೂ ಬಂದು ನಿಂತರು, ಜೆ.ಸಿ. ರಸ್ತೆಯಲ್ಲಿ ಬಾನೆಟ್ ಎತ್ತಿದರೆ ಸಲಹೆ ಪುಕ್ಕಟೆ.

ಮೊದಲನೆಯದು ನಾಲ್ಕು ನಿಮಿಷ ಹತ್ತು ಸೆಕೆಂಡು ತೆಗೆದುಕೊಂಡಿತು. ಅದಕ್ಕಿಂತ ಹೆಚ್ಚಾಗಿ, ನಡುಗುತ್ತಾ ನಡುಗುತ್ತಾ ಫುಟ್‌ಪಾತಿನ ಮೇಲೆ ಒಂದಡಿ ನಡೆದುಕೊಂಡೇ ಹೋಯಿತು. ಕೆಳಗೆ ರಬ್ಬರಿನ ಪಾದವಿಲ್ಲ. ಕಣದ ಪಾಚಿಯ ಮೇಲಾದರೆ ಎಲ್ಲಿಗೆ ಹೋಗುತ್ತಿತ್ತೋ. ಎರಡನೆಯದು ಒಂದು ನಿಮಿಷ ನಲವತ್ತೈದು ಸೆಕೆಂಡು. ಮೂರನೆಯದು ಜೋಡಿ ಸಿಲಿಂಡರ್, ಐವತ್ತು ಸೆಕೆಂಡು. ಪಕ್ಕದ ಅಂಗಡಿಯ ಹುಡುಗ ಶಿಳ್ಳೆ ಹೊಡೆದ.

ಬಾಯಲ್ಲಿ ನೀರೂರಿದ್ದು ಮೂರನೆಯದಕ್ಕೇ. ಎತ್ತಿ ನೋಡಿದೆ, ಒಂಬತ್ತು ಕೆ.ಜಿ. ಮೇಲೆ. ಪೆಟ್ಟಿಗೆ ಇಟ್ಟರೆ ಥಾರಿನ ಡಿಕ್ಕಿಯ ಅರ್ಧ ಅದರದ್ದೇ. ಬೆಲೆ ಎರಡನೆಯದರ ಎರಡು ಪಟ್ಟಿಗಿಂತ ಜಾಸ್ತಿ. ಲೆಕ್ಕ ಹಾಕಿದೆ: ನಾಲ್ಕು ಟೈರಿಗೆ ಎರಡನೆಯದು ಏಳು ನಿಮಿಷ, ಮೂರನೆಯದು ಮೂರೂವರೆ. ಉಳಿಯುವುದು ಮೂರೂವರೆ ನಿಮಿಷ. ರೈಟರ ಕಾಫಿ ಕುಡಿಯಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಎರಡನೆಯದರ ಮೈಯನ್ನು ಈಗ ಕೂಲಂಕಷವಾಗಿ ನೋಡೋಣ, ಹತ್ತಿರ ಬನ್ನಿ. ಪಕ್ಕದಲ್ಲೊಂದು ಸ್ಟಿಕ್ಕರ್ ಇದೆ: 100 ಪಿಎಸ್ಐಗೆ ಡ್ಯೂಟಿ ಸೈಕಲ್ 33 ಪರ್ಸೆಂಟ್. ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ದುಡಿತ, ಇಪ್ಪತ್ತು ನಿಮಿಷ ವಿಶ್ರಾಂತಿ ಎಂದು ಅದರ ಅರ್ಥ. ಅದೂ 100ರ ಒತ್ತಡದಲ್ಲಿ. ನಮ್ಮ 30ಕ್ಕೆ ಅದಕ್ಕೆ ಅಷ್ಟು ಏದುಸಿರಿಲ್ಲ, ಇನ್ನೂ ಹೆಚ್ಚು ಹೊತ್ತು ಓಡುತ್ತದೆ. ನನಗೆ ಬೇಕಾದ್ದು ಏಳು ನಿಮಿಷ. ಸರಿಹೋಯಿತು. ಈ ಸ್ಟಿಕ್ಕರೇ ಇಲ್ಲದ ಯಂತ್ರವನ್ನು ನಾನಾದರೆ ಕೆಳಗಿಟ್ಟು ಬರುತ್ತೇನೆ. ಬಿಸಿ ಮೀರಿದರೆ ತಾನೇ ನಿಲ್ಲುವ ಥರ್ಮಲ್ ಕಟ್ ಇದೆಯೇ ಎಂದು ಕೇಳಿದೆ, ಇದೆ ಎಂದರು. ನನ್ನ ಹಳೆಯದಕ್ಕೆ ಅದಿದ್ದಿದ್ದರೆ ಹಲ್ಲು ಉಳಿಯುತ್ತಿತ್ತೇನೋ.

ವೈರನ್ನು ಬೆರಳಲ್ಲಿ ಹಿಚುಕಿ ನೋಡಿ. ದಪ್ಪ ಇದೆ, ಆದರೆ ಕೆಲವರು ರಬ್ಬರನ್ನಷ್ಟೇ ದಪ್ಪ ಮಾಡಿ ಒಳಗೆ ಕೂದಲೆಳೆ ಇಡುತ್ತಾರೆ. ಹೊಡೆದು ಮುಗಿಸಿದ ಮೇಲೆ ಮುಟ್ಟಿದರೆ ಸತ್ಯ ಗೊತ್ತಾಗುತ್ತದೆ: ಸಣ್ಣ ತಂತಿಯಾದರೆ ಬಿಸಿ. ಇದು ಉಗುರುಬೆಚ್ಚಗೆ ಮಾತ್ರ. ಕ್ಲಿಪ್ಪಿನ ಹತ್ತಿರವೇ 40 ಆಂಪಿಯರಿನ ಫ್ಯೂಸು ಇದೆ, ಇರಲೇಬೇಕು. ಪೈಪಿನ ಉದ್ದ ಅಳೆದೆ. ಥಾರಿನ ಬಾನೆಟ್ಟಿನಿಂದ ಹಿಂದಿನ ಚಕ್ರದ ವಾಲ್ವಿಗೆ ಸುತ್ತಿ ಬಳಸಿ ನಾಲ್ಕೂವರೆ ಮೀಟರಾದರೂ ಬೇಕು. ಇದು ಏಳು ಮೀಟರ್. ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಪೈಪು ನೋಡಲು ಚೆಂದ, ಆದರೆ ಕಂಪ್ರೆಸರನ್ನೇ ಹಿಂದಕ್ಕೆ ಎಳೆಯುತ್ತದೆ. ನೇರ ರಬ್ಬರು ಪೈಪು ಕೊಡಿ ಎಂದೆ.

ತುದಿಯ ವಿಚಾರ ಸಣ್ಣದಲ್ಲ. ತಿರುಗಿಸಿ ಹಾಕುವ ತುದಿಯಾದರೆ ಬಿಚ್ಚುವಾಗ ಬುಸ್ ಎಂದು ಒಂದೆರಡು ಪಾಯಿಂಟ್ ಹೋಗುತ್ತದೆ, ಮೇಲೆ ಬೆರಳು ಸುಡುತ್ತದೆ. ಹಿಡಿ ಒತ್ತಿ ಸಿಕ್ಕಿಸುವ ತುದಿ ಎಂದರೆ ಪಂಕ್ಚರ್ ಅಂಗಡಿಯಲ್ಲಿ ಇರುತ್ತದಲ್ಲ, ಅದು. ಕೆಸರುಗೈಯಲ್ಲಿ ಅದೇ ಸಲೀಸು. ಗಾಳಿ ಎಳೆದುಕೊಳ್ಳುವ ಬಾಯಿಗೆ ಸ್ಪಂಜಿನ ಫಿಲ್ಟರ್ ಇದೆ, ಬಿಚ್ಚಿ ತೊಳೆಯಬಹುದು. ನಮ್ಮ ಕೆಂಪು ಧೂಳಿಗೆ ಇದು ಬೇಕೇ ಬೇಕು.

ಅಂಗಡಿಯವರು ಬಿಲ್ಲು ಬರೆಯುತ್ತಾ, ಸಾರ್ ನೈಟ್ರೋಜನ್ ಹಾಕಿಸಿಬಿಡಿ, ಪದೇ ಪದೇ ಈ ತೊಂದರೆಯೇ ಇರಲ್ಲ ಎಂದರು. ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಗುಡ್ಡದ ಬುಡದಲ್ಲಿ ಅದನ್ನೂ ಬಿಟ್ಟೇ ಇಳಿಸಬೇಕು, ಸಂಜೆ ಮತ್ತೆ ತುಂಬಬೇಕು. ನಕ್ಕು ಸುಮ್ಮನಾದೆ.

ಗೇಜಿನ ಕತೆ ಮಾತ್ರ ತಮಾಷೆಯಲ್ಲ. ಅದೇ ಸ್ಟೆಪ್ನಿಗೆ ಕಂಪ್ರೆಸರಿನ ಮುಳ್ಳು 34 ತೋರಿಸುತ್ತಿತ್ತು. ಸ್ವಿಚ್ ಆಫ್ ಮಾಡಿದ ಕೂಡಲೇ 31ಕ್ಕೆ ಇಳಿಯಿತು. ಪಂಪು ಓಡುವಾಗ ಅದು ಅಳೆಯುವುದು ಪೈಪಿನೊಳಗಿನ ನೂಕುನುಗ್ಗಲನ್ನು, ಟೈರಿನದ್ದಲ್ಲ. ನಿಲ್ಲಿಸಿ ಓದಬೇಕು. ನಿಲ್ಲಿಸಿ ಓದಿದಾಗಲೂ ಅಂಗಡಿಯವರ ಡಿಜಿಟಲ್ ಗೇಜು 30 ಎಂದಿತು, ನನ್ನ ಜೇಬಿನದು 29.5. ಯಾವುದು ಸರಿ ಎಂದು ತಲೆಕೆಡಿಸಿಕೊಳ್ಳುವುದು ಬಿಟ್ಟು, ಯಾವಾಗಲೂ ಒಂದೇ ಗೇಜನ್ನು ನಂಬುವುದು ನನ್ನ ಪದ್ಧತಿ. ಬೆಳಿಗ್ಗೆ ಇಳಿಸಿದ್ದು ಯಾವುದರಲ್ಲೋ ಸಂಜೆ ಏರಿಸುವುದೂ ಅದರಲ್ಲೇ.

ಲೇಹ್‌ಗೆ ಗಾಡಿ ಒಯ್ಯುವ ನಮ್ಮ ಕೆಎ ನಂಬರಿನವರಿಗೊಂದು ಮಾತು. ಅಲ್ಲಿಯ ಎತ್ತರ ಸುಮಾರು 3,500 ಮೀಟರ್. ಸಮುದ್ರಮಟ್ಟದ ಮೂರನೇ ಎರಡು ಪಾಲು ಒತ್ತಡದ ತೆಳುಗಾಳಿ ಅದು. ಪಿಸ್ಟನ್ ಒಂದೊಂದು ಗುಟುಕಿಗೂ ಅಷ್ಟೇ ಕಮ್ಮಿ ನುಂಗುತ್ತದೆ. ಇಲ್ಲಿ ಏಳು ನಿಮಿಷದ ಕೆಲಸ ಅಲ್ಲಿ ಹತ್ತು ಹನ್ನೊಂದು ಆಗುತ್ತದೆ. ಅಂಥ ಕಡೆಗೆ ಹೊರಟವರು ಮೂರನೇ ಪೆಟ್ಟಿಗೆ ತೆಗೆದುಕೊಂಡರೆ ನಾನು ಬೇಡ ಎನ್ನುವುದಿಲ್ಲ.

ಡಿಸೆಂಬರ್. ಮತ್ತೆ ಅದೇ ತೋಟ. ಈ ಸಲ ಕಣದೊಳಗೆ ಬಿಡಲಿಲ್ಲ. ಅರೇಬಿಕಾ ಕೊಯ್ಲು, ಕಣದ ತುಂಬ ಕಾಫಿ ಒಣಗುತ್ತಿದೆ, ಹುಳಿ ವಾಸನೆ ಗೇಟಿನ ತನಕ ಬರುತ್ತಿದೆ. ಗೇಟಿನ ಹೊರಗೆ ರಸ್ತೆ ಬದಿಯಲ್ಲೇ ನಿಲ್ಲಿಸಿಕೊಂಡಿದ್ದೇವೆ. ಬಾನೆಟ್ ಎತ್ತಿ, ಮೊದಲು ಕೆಂಪು, ಆಮೇಲೆ ಕಪ್ಪು ಕ್ಲಿಪ್ಪು ಕಚ್ಚಿಸಿ, ಎಂಜಿನ್ ಚಾಲೂ. ಸದ್ದು ಹಳೆಯದಕ್ಕಿಂತ ದಪ್ಪ, ಆದರೆ ಗದರಿಕೆ ಇಲ್ಲ. ಎಡ ಮುಂದಿನದು ಒಂದು ನಿಮಿಷ ಐವತ್ತು. ಟೈರು ಇನ್ನೂ ಬಿಸಿ, ರಾತ್ರಿ ಆರಿದ ಮೇಲೆ ಒಂದೆರಡು ಪಾಯಿಂಟ್ ಇಳಿಯುತ್ತದೆಂದು 32ಕ್ಕೆ ಬಿಟ್ಟೆ. ಬಲ ಮುಂದಿನದು. ಹಿಂದಿನವೆರಡು. ಎಂಟು ನಿಮಿಷಕ್ಕೆ ಪೈಪು ಸುತ್ತಿದೆ.

ರೈಟರು ತಮ್ಮ ಟಿವಿಎಸ್ ಮೊಪೆಡ್ ತಳ್ಳಿಕೊಂಡು ಬಂದರು. ಹಿಂದಿನ ಚಕ್ರ ನೆಲ ಕಚ್ಚಿದೆ.

"ಇದು ಎಷ್ಟು ಇಂಚು?"

"ಬಾಯಿ ಬಿಚ್ಚಿದ್ರೆ ನಿಮಿಷಕ್ಕೆ ಎಪ್ಪತ್ತೆರಡು ಲೀಟರು. ಟೈರಿಗೆ ಹೊಡೆಯುವಾಗ ನಲವತ್ತು ಬರುತ್ತೆ."

ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ಆಗಬಹುದು ಎಂಬಂತೆ ತಲೆದೂಗಿ, ಮೊಪೆಡ್ಡಿನ ವಾಲ್ವಿನ ಕ್ಯಾಪು ಬಿಚ್ಚಿದರು. ಅದು ತುಂಬಲು ಹದಿನೈದು ಸೆಕೆಂಡೂ ಹಿಡಿಯಲಿಲ್ಲ.